ಮೂಡಲ ಬಾಗಿಲಿನ ಮಾತು

ಬೆಂಗಳೂರಿನಿಂದ ಮೂಡಣ ದಿಕ್ಕಿಗೆ ಹೊರಟ ರೈಲುಗಾಡಿ ವೈಟ್‌ಫೀಲ್ಡನ್ನು ದಾಟಿ ಮಾಲೂರನ್ನು ಸಮೀಪಿಸುವ ವೇಳೆಗೆ ಹೊರಗಿನ ನೋಟವೂ ಬದಲಾಗುತ್ತದೆ, ಒಳಗಿನ ಮಾತೂ ಬದಲಾಗುತ್ತದೆ. ಹೊರಗೆ ನೀಲಗಿರಿ ತೋಪುಗಳು, ಇಟ್ಟಿಗೆಯ ಗೂಡುಗಳು, ರಾಗಿಯ ಹೊಲಗಳು. ಒಳಗೆ ಕನ್ನಡದಲ್ಲಿ ಆರಂಭವಾದ ಸಂಭಾಷಣೆ ತೆಲುಗಿನಲ್ಲಿ ಮುಂದುವರಿದು ತಮಿಳಿನಲ್ಲಿ ಮುಗಿಯುತ್ತದೆ. ಇದನ್ನು ಯಾರೂ ವಿಶೇಷವೆಂದು ಎಣಿಸುವುದಿಲ್ಲ. ಆಂಧ್ರ ಮತ್ತು ತಮಿಳುನಾಡುಗಳ ಗಡಿಗೆ ಒತ್ತಿಕೊಂಡಿರುವ ಕೋಲಾರದ ಸೀಮೆಯಲ್ಲಿ ಭಾಷಾಂತರವೆಂಬುದು ವಿದ್ವಾಂಸರ ಕಸುಬಲ್ಲ, ಮನೆಮನೆಯ ಕೆಲಸ.

ಹೊಸಬರನ್ನು ದಿಗ್ಭ್ರಮೆಗೊಳಿಸಲು ಇಲ್ಲಿ ‘ಮಾಡು’ ಎಂಬ ಒಂದೇ ಮಾತು ಸಾಕು. ಕನ್ನಡದ ಗೃಹಿಣಿ ‘ಅನ್ನ ಮಾಡಿದೆ’ ಎಂದರೆ ಅತಿಥಿಯು ಕೈತೊಳೆದು ಎಲೆಯ ಮುಂದೆ ಕೂರಬಹುದು. ಪಕ್ಕದ ತೆಲುಗರ ಮನೆಯಿಂದ ‘ಅನ್ನಂ ಮಾಡಿಂದಿ’ ಎಂಬ ಮಾತು ಕೇಳಿಬಂದರೆ ಅವಸರ ಬೇಡ. ಅನ್ನವು ತಳ ಹಿಡಿದು ಸೀದುಹೋಯಿತೆಂದು ಅದರ ಅರ್ಥ. ಅದರಾಚೆಯ ತಮಿಳರ ಮನೆಯಲ್ಲಿ ‘ಮಾಡು’ ಎಂದರೆ ಕೊಟ್ಟಿಗೆಯಲ್ಲಿ ಮೇವು ಮೆಲ್ಲುತ್ತಿರುವ ದನ! ಮಾತಿನ ಮೈ ಒಂದೇ ಆದರೂ ಅದರೊಳಗಿನ ಜೀವ ಬೇರೆಯಾಗಬಹುದೆಂಬ ಸತ್ಯವನ್ನು ಈ ಸೀಮೆಯ ಮಕ್ಕಳು ಅಂಗಳದಲ್ಲಿ ಆಡುತ್ತಲೇ ಕಲಿತುಬಿಡುತ್ತಾರೆ.

ಇಂತಹ ನೆಲದಲ್ಲಿಯೇ, ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ, 1891ರಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಜನಿಸಿದರು. ಮನೆಮಾತು ತಮಿಳು, ಆದರೆ ಅವರು ಕತೆ ಹೇಳಿದ್ದು ಊರಿನ ಹಿರಿಯರು ಜಗಲಿಯ ಮೇಲೆ ಕುಳಿತು ಆಡುವಂತಹ ತಿಳಿಗನ್ನಡದಲ್ಲಿ. 1983ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. ಷೇಕ್ಸ್‌ಪಿಯರನ ನಾಟಕಗಳನ್ನು ಕನ್ನಡಕ್ಕೆ ತಂದವರಲ್ಲಿ ಅವರೂ ಒಬ್ಬರು.

ಮಾಲೂರಿನಿಂದ ಬಸ್ಸು ಹಿಡಿದು ಕೋಲಾರಕ್ಕೆ ಬಂದರೆ ಅಂತರಗಂಗೆಯ ಬಂಡೆಬೆಟ್ಟ ಕಣ್ಣ ಮುಂದೆ ನಿಲ್ಲುತ್ತದೆ. ಗಂಗರ ಕಾಲದಲ್ಲಿ ಕುವಳಾಲಪುರವೆನಿಸಿದ್ದ ಈ ಊರಿನ ಕೋಲಾರಮ್ಮನ ಗುಡಿಯಲ್ಲಿ ಚೋಳರು ಬರೆಸಿದ ತಮಿಳು ಶಾಸನಗಳಿವೆ. ಬಿ. ಎಲ್. ರೈಸ್ ಅವರು ಈ ಸೀಮೆಯ ಶಾಸನಗಳನ್ನು ಸಂಗ್ರಹಿಸಿ, ಇಂಗ್ಲಿಷ್ ಅನುವಾದದೊಡನೆ 1905ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದರು. ದಾನಶಾಸನಗಳಲ್ಲಿ ‘ಧಾರೆಯೆರೆದು’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅಕ್ಷರಶಃ ಹೇಳುವುದಾದರೆ ‘ನೀರು ಸುರಿದು’. ಆದರೆ ಮಗಳನ್ನು ಧಾರೆಯೆರೆದು ಕೊಟ್ಟ ತಂದೆತಾಯಿಗಳಿಗೆ ಗೊತ್ತು, ಅಲ್ಲಿ ಸುರಿಯುವುದು ಬರಿಯ ನೀರಲ್ಲವೆಂದು. ‘ಇನ್ನು ಇದು ನನ್ನದಲ್ಲ’ ಎಂಬ ಮಾತಿಗೆ ನೀರೇ ಸಾಕ್ಷಿ. ಈ ಭಾವವನ್ನು ಇಂಗ್ಲಿಷಿನ ಯಾವ ಪದದಲ್ಲಿ ತುಂಬುವುದು?

ನೀರಿನ ಮಾತು ಬಂದಾಗ ಮಳೆಯನ್ನು ಮರೆಯುವಂತಿಲ್ಲ. ಜೀವನದಿಯಿಲ್ಲದೆ, ಕೆರೆಗಳನ್ನೇ ನಂಬಿ ಬದುಕಿದ ನಾಡಿದು. ಇಲ್ಲಿಯ ಜನರಿಗೆ ಜೋರು ಮಳೆಯೆಂದರೆ ಕೊಡದಿಂದ ಸುರಿದ ನೀರು: ಕನ್ನಡದಲ್ಲಿ ‘ಕುಂಭದ್ರೋಣ ಮಳೆ’, ತೆಲುಗಿನಲ್ಲಿ ‘ಕುಂಡಪೋತ’. ಇಂಗ್ಲಿಷರ ಆಕಾಶದಿಂದ ಬೀಳುವುದು ನಾಯಿ ಬೆಕ್ಕುಗಳು. ಫ್ರೆಂಚರ ಆಕಾಶದಿಂದ ಇಳಿಯುವುದು ಹಗ್ಗಗಳು. ಇಂಗ್ಲಿಷಿನಿಂದ ಫ್ರೆಂಚಿಗೆ ಅನುವಾದಿಸುವವನು ನಾಯಿ ಬೆಕ್ಕುಗಳನ್ನು ದಡದಲ್ಲಿಯೇ ಬಿಟ್ಟು ಹಗ್ಗವನ್ನು ಹಿಡಿಯಬೇಕು. ಕೋಲಾರದವನು ಕೊಡವನ್ನು ಹಿಡಿದರಾಯಿತು.

ಹೆದ್ದಾರಿಯಲ್ಲಿ ಮತ್ತೆ ಮೂಡಣಕ್ಕೆ ಸಾಗಿದರೆ ಮುಳಬಾಗಿಲು. ‘ಮೂಡಲ ಬಾಗಿಲು’ ಎಂಬುದೇ ನಾಲಗೆಯ ಮೇಲೆ ಸವೆದು ಈ ಹೆಸರಾಯಿತೆನ್ನುತ್ತಾರೆ. ಸಮೀಪದ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನವಿದೆ. ಸಂಸ್ಕೃತದ ಮಹಾಪಂಡಿತರಾಗಿದ್ದ ಈ ಯತಿಗಳು 15ನೆಯ ಶತಮಾನದಲ್ಲಿ ದೇವರನಾಮಗಳನ್ನು ಕನ್ನಡದಲ್ಲಿ ಹಾಡಿ, ಶಾಸ್ತ್ರದ ತಿರುಳನ್ನು ಓದುಬರಹವಿಲ್ಲದವರ ಕಿವಿಗೂ ಮುಟ್ಟಿಸಿದರು.

ಅದೇ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು ‘ಮ್ಯಾಕ್‌ಬೆತ್’ ನಾಟಕವನ್ನು ಕನ್ನಡಕ್ಕೆ ತಂದರು. ಅದಕ್ಕೆ ಮೊದಲೇ, ಪಾರಸಿಯ ಉಮರ್ ಖಯ್ಯಾಮನ ಪದ್ಯಗಳನ್ನು ಫಿಟ್ಜೆರಾಲ್ಡನ ಇಂಗ್ಲಿಷಿನ ಮೂಲಕ ಕಂಡು, ‘ಉಮರನ ಒಸಗೆ’ಯನ್ನು ರಚಿಸಿದ್ದರು. ಮೂಲದ ‘ರುಬಾಯಿಯಾತ್’ ಎಂಬುದಕ್ಕೆ ಚೌಪದಿಗಳು ಎಂದಷ್ಟೇ ಅರ್ಥ. ಗುಂಡಪ್ಪನವರು ಪದ್ಯದ ಸಾಲುಗಳನ್ನು ಎಣಿಸಲು ಹೋಗಲಿಲ್ಲ. ಸಂತಸದ ಸುದ್ದಿ, ಶುಭವಾರ್ತೆ ಎಂಬ ಅರ್ಥದ ಹಳೆಯ ಕನ್ನಡ ಮಾತೊಂದನ್ನು ಹುಡುಕಿ ತಂದರು. ಪದವು ಕೈತಪ್ಪಿತು, ಪ್ರಾಣ ಉಳಿಯಿತು.

ಕೋಲಾರದಿಂದ ಬಡಗಣಕ್ಕೆ ಹೊರಟರೆ ಮಾವಿನ ತೋಪುಗಳ ನಡುವೆ ಶ್ರೀನಿವಾಸಪುರ. ಗಡಿಯತ್ತ ಸರಿದಂತೆ ಊರ ಹೆಸರಿನ ‘ಹಳ್ಳಿ’ಯು ಗೌನಿಪಲ್ಲಿಯಲ್ಲಿ ಆದಂತೆ ‘ಪಲ್ಲಿ’ಯಾಗುತ್ತದೆ. ಇಲ್ಲಿಯ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಅದರ ಮೇಲೆ ಇಂಗ್ಲಿಷು. ‘ಲುಕ್’ ಎಂದರೆ ನೋಡು, ‘ಆಫ್ಟರ್’ ಎಂದರೆ ಆಮೇಲೆ ಎಂದು ಕಲಿತ ಬಾಲಕನು ‘ಲುಕ್ ಆಫ್ಟರ್ ದಿ ಬೇಬಿ’ ಎಂಬುದಕ್ಕೆ ‘ಮಗುವನ್ನು ಆಮೇಲೆ ನೋಡು’ ಎಂದು ಬರೆದರೆ ತರಗತಿಯೆಲ್ಲ ನಗುತ್ತದೆ. ಆ ನಗೆಯಿಂದ ಕುಗ್ಗಿದ ಮಗು ತಾನು ದಡ್ಡನೆಂದು ನಂಬಿ, ಇಂಗ್ಲಿಷಿನ ಗೊಡವೆಯನ್ನೇ ಬಿಟ್ಟೀತು. ಆದರೆ ಅವನ ತಾಯಿ ಹೊಲಕ್ಕೆ ಹೊರಡುವಾಗ ತಂಗಿಯನ್ನು ತೋರಿಸಿ ‘ಚೂಸುಕೋ’ ಎಂದು ದಿನವೂ ಹೇಳುತ್ತಾಳೆ. ಚೂಸುಕೋ, ನೋಡಿಕೋ, ಲುಕ್ ಆಫ್ಟರ್: ಮೂರೂ ಒಂದೇ. ‘ನೋಡು’ವಿಗೆ ‘ಕೊಳ್ಳು’ ಅಂಟಿದೊಡನೆ ಕಣ್ಣಿನ ಕೆಲಸವು ಹೊಣೆಗಾರಿಕೆಯಾಗುವಂತೆ, ‘ಲುಕ್’ಗೆ ‘ಆಫ್ಟರ್’ ಅಂಟಿದರೂ ಆಗುತ್ತದೆ. ‘ಪುಟ್ ಅಪ್ ವಿತ್’ ಎಂಬುದು ತಾಳಿಕೊಳ್ಳುವುದು, ತೆಲುಗಿನ ಓರ್ಚುಕೊನುವುದು. ಇಷ್ಟನ್ನು ತಿಳಿಸುವ ಉಪಾಧ್ಯಾಯರು ದೊರೆತರೆ ಮಗುವಿನ ಮನೆಮಾತು ಅಡ್ಡಗೋಡೆಯಾಗುವುದಿಲ್ಲ, ಏಣಿಯಾಗುತ್ತದೆ.

ಸಂಜೆ ಶ್ರೀನಿವಾಸಪುರದ ಬಸ್ ನಿಲ್ದಾಣದಲ್ಲಿ ಮಾವಿನಹಣ್ಣಿನ ಪರಿಮಳ. ಮುದುಕಿಯೊಬ್ಬಳು ಮೊಮ್ಮಗನನ್ನು ಕೋಲಾರದ ಬಸ್ಸಿಗೆ ಹತ್ತಿಸಿ, ‘ಪಿಲ್ಲವಾಣ್ಣಿ ಚೂಸುಕೋ ನಾಯನಾ’ ಎಂದು ಕಂಡಕ್ಟರನಿಗೆ ಒಪ್ಪಿಸುತ್ತಾಳೆ. ‘ನಾನು ನೋಡ್ಕೋತೀನಿ ಬಿಡಜ್ಜಿ’ ಎಂದು ಅವನು ಕನ್ನಡದಲ್ಲಿ ಉತ್ತರಿಸುತ್ತಾನೆ. ಕಿಟಕಿಯಿಂದ ಹುಡುಗನ ಕೂಗು: ‘ಪೋಯಿ ವಸ್ತಾನವ್ವಾ!’ ಹೋಗಿ ಬರುತ್ತೇನೆ ಎಂದು. ಕನ್ನಡ, ತೆಲುಗು, ತಮಿಳು ಮೂರರಲ್ಲಿಯೂ ಹೊರಡುವವರು ‘ಬರುತ್ತೇನೆ’ ಎಂದೇ ಹೇಳಬೇಕು. ಇದನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತಿರುಗಿಸಿದರೆ ನಗೆಪಾಟಲು. ಆದರೆ ದೂರದ ಫ್ರೆಂಚರು ಬೀಳ್ಕೊಳ್ಳುವಾಗ ‘ಓ ರೆವ್ವಾರ್’ ಎನ್ನುತ್ತಾರೆ: ಮತ್ತೆ ಕಾಣುವವರೆಗೆ. ಆ ಅಜ್ಜಿಗೆ ಫ್ರೆಂಚ್ ಬಾರದು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಕೈಯೆತ್ತಿ ನಿಂತಿರುತ್ತಾಳೆ.