ಅರೆದಷ್ಟೂ ಬಣ್ಣ

ನಮ್ಮ ಸೀಮೆಯಲ್ಲಿ ಬಣ್ಣವನ್ನೇ ಬೆಳೆಯುತ್ತಾರೆ. ಚಾಮರಾಜನಗರದ ಸುತ್ತ ಅರಿಶಿನ, ಗುಂಡ್ಲುಪೇಟೆಯ ಕಡೆ ಚೆಂಡುಹೂ. ಅರಿಶಿನ ಬೆಂದು, ಒಣಗಿ, ಪಾಲಿಶ್ ಆಗಿ ಈರೋಡಿನ ಮಾರುಕಟ್ಟೆಗೆ ಲಾರಿ ಹತ್ತುತ್ತದೆ. ಗುಂಡ್ಲುಪೇಟೆಯ ಚೆಂಡುಹೂವಿನಲ್ಲಿ ಬಹುಪಾಲು ದೇವರ ತಲೆಗೂ ಏರದೆ, ಮಾಲೆಗೂ ಸೇರದೆ, ಮೂಟೆಗಟ್ಟಲೆ ಕಾರ್ಖಾನೆಗೆ ಹೋಗಿ ಅಲ್ಲಿ ತನ್ನ ಸಾರವನ್ನು ಬಿಟ್ಟುಕೊಡುತ್ತದೆ. ಆ ಸಾರ ಕೋಳಿಯ ಮೇವಿಗೆ ಬೆರೆತು, ಎಲ್ಲೋ ಯಾರದೋ ತಟ್ಟೆಯ ಮೊಟ್ಟೆಯ ಹಳದಿಯನ್ನು ಇನ್ನಷ್ಟು ಹಳದಿ ಮಾಡುತ್ತದೆ. ಮಳೆಗಾಲದಲ್ಲಿ ಊಟಿ ರಸ್ತೆಯ ಇಕ್ಕೆಲದಲ್ಲೂ ಚೆಂಡುಹೂ, ಸೂರ್ಯಕಾಂತಿ ಅರಳಿ ನಿಂತಾಗ ಕೇರಳದ ಕಡೆಯವರು ಕಾರು ನಿಲ್ಲಿಸಿ, ಹೊಲದ ನಡುವೆ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ.

ಇಂಥ ಸೀಮೆಯ ಹರದನಹಳ್ಳಿಯಲ್ಲಿ ಕೂತು ಜಲವರ್ಣ ಕಲಿಯಲು ಹೊರಟ ನನಗೆ, ಪೇಟೆಯಿಂದ ತಂದ ಬಣ್ಣದ ಡಬ್ಬಿ ಕೆಲವೇ ದಿನಗಳಲ್ಲಿ ಒಂದು ಪ್ರಶ್ನೆ ಹಾಕಿತು. ಈ ಬಿಲ್ಲೆಗಳೊಳಗೆ ಇರುವುದಾದರೂ ಏನು? ಉತ್ತರ ತಿಳಿದಾಗ ಕುಣಿದಾಡುವಷ್ಟು ಸಂತೋಷವಾಯಿತು. ಜಲವರ್ಣ ಎಂದರೆ ನುಣ್ಣಗೆ ಅರೆದ ಬಣ್ಣದ ಪುಡಿ, ಅದನ್ನು ಕಾಗದಕ್ಕೆ ಹಿಡಿದಿಡುವ ಮರದ ಅಂಟು, ಒಣಗಿ ಸೀಳದಂತೆ ಕಾಯುವ ಚೂರು ಜೇನು. ಮಿಕ್ಕಿದ್ದೆಲ್ಲ ನೀರಿನ ಕೆಲಸ. 1780ರ ಸುಮಾರಿಗೆ ಲಂಡನ್ನಿನ ರೀವ್ಸ್ ಸೋದರರು ನೀರಿನಲ್ಲಿ ಕರಗುವ ಬಿಲ್ಲೆ ಮಾಡಿ ಮಾರುವವರೆಗೆ ಅಲ್ಲಿನ ಚಿತ್ರಗಾರರ ಮನೆಯಲ್ಲೂ ಬಣ್ಣವನ್ನು ಅರೆದೇ ಮಾಡಿಕೊಳ್ಳುತ್ತಿದ್ದರು. ನಮ್ಮ ಮೈಸೂರು ಸಂಪ್ರದಾಯದ ಚಿತ್ರಗಾರರಂತೂ ಹುಣಸೆ ಕಡ್ಡಿಯನ್ನು ಸುಟ್ಟು ಇದ್ದಿಲು ಮಾಡಿ ಗೆರೆ ಎಳೆಯುತ್ತಿದ್ದರು, ಅಳಿಲಿನ ಕೂದಲಿನಿಂದ ಕುಂಚ ಕಟ್ಟುತ್ತಿದ್ದರು, ಕಲ್ಲು, ಮಣ್ಣು, ಎಲೆಗಳಿಂದ ಬಣ್ಣ ತೆಗೆಯುತ್ತಿದ್ದರು. ಹುಣಸೆಗೆ ನಮ್ಮಲ್ಲಿ ಬರವೇ ಇಲ್ಲ. ಮಣ್ಣಿಗೆ ಮೊದಲೇ ಇಲ್ಲ. ಶುರುಮಾಡಲು ಇನ್ನೇನು ಬೇಕು?

ಶುರು ಮಣ್ಣಿನಿಂದಲೇ ಆಯಿತು. ನಮ್ಮ ತಾಲ್ಲೂಕಿನಲ್ಲಿ ಕೆಂಪು ಮಣ್ಣೂ ಎರೆ ಮಣ್ಣೂ ನೆರೆಹೊರೆಯಲ್ಲೇ ಸಿಗುತ್ತವೆ. ಯಾವುದನ್ನು ಎಲ್ಲಿಂದ ತೆಗೆಯಬೇಕೆಂದು ಹೇಳಿಕೊಟ್ಟವರು ಬೀದಿಯ ದೊಡ್ಡವ್ವ ಒಬ್ಬರು. ಹಬ್ಬಕ್ಕೆ ಮುಂಚೆ ಗೋಡೆಗೆ ಸುಣ್ಣ, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ ಬಳಿದು ಬೆಳೆದವರು ಅವರು. ಹೊಲದ ಬದುವಿನಲ್ಲಿ ನಾನು ಮೇಲುಮಣ್ಣು ಗೋರುವುದನ್ನು ನೋಡಿ, "ಮೇಲ್ಗಡೆ ಮಣ್ಣು ಬ್ಯಾಡ ಕನಾ ಮಗ, ಅದ್ರಲ್ಲಿ ಗೊಬ್ರ ಸೇರ್ಕಂಡಿರ್ತದ. ಮೊಣಕಾಲುದ್ದ ಅಗ್ದು ಒಳಗಿಂದ ತಗ" ಎಂದರು. ಎಷ್ಟು ಸರಿಯಾದ ಮಾತು! ಮೇಲುಮಣ್ಣಿನಲ್ಲಿ ಬೇರು, ಗೊಬ್ಬರ, ಕೊಳೆತ ಎಲೆ ಸೇರಿ ಬಣ್ಣ ಮಂಕಾಗಿರುತ್ತದೆ. ಒಳಗಿನದು ಅಪ್ಪಟ. ಅವರು ತೋರಿಸಿದ ಕಡೆ ಅಗೆದ ಮಣ್ಣನ್ನು ಅಂಗೈಯಲ್ಲಿ ಒದ್ದೆಮಾಡಿ ಉಜ್ಜಿದರೆ ಗೆರೆಗೆರೆಯಲ್ಲೂ ಕೆಂಪು ಕೂರುತ್ತಿತ್ತು.

ಆ ಕೆಂಪು ಕಬ್ಬಿಣದ್ದು. ಕಬ್ಬಿಣ ಗಾಳಿಯೊಡನೆ ಕೂಡಿ ಹೆಮಟೈಟ್ ಆದರೆ ಕೆಂಪು, ಅದರೊಡನೆ ನೀರೂ ಸೇರಿ ಗೀತೈಟ್ ಆದರೆ ಹಳದಿ. ಹಾಗಾಗಿ ಹಳದಿ ಮಣ್ಣನ್ನು ಬಾಣಲೆಯಲ್ಲಿ ಹುರಿದರೆ ಒಳಗಿನ ನೀರು ಬಿಟ್ಟುಹೋಗಿ ಮಣ್ಣು ಮೆಲ್ಲಗೆ ಕೆಂಪಾಗುತ್ತದೆ. ಇದನ್ನು ಓದಿ ತಿಳಿಯುವುದು ಬೇರೆ, ಸೌದೆ ಒಲೆಯ ಮುಂದೆ ಕೂತು ಕಾಣುವುದು ಬೇರೆ. ಸೌಟು ಆಡಿಸುತ್ತಿದ್ದ ಹಾಗೆ ಹಳದಿ ಪುಡಿ ಅಂಚಿನಿಂದ ಕಿತ್ತಳೆಗೆ ತಿರುಗಿತು, ಆಮೇಲೆ ಇಟ್ಟಿಗೆಯ ಬಣ್ಣಕ್ಕೆ ಬಂತು. ನಡುನಡುವೆ ಒಂದೊಂದು ಚಮಚೆ ತೆಗೆದಿಟ್ಟುಕೊಂಡೆ. ಒಂದೇ ಹಿಡಿ ಮಣ್ಣಿನಿಂದ ಹಳದಿಯಿಂದ ಕೆಂಪಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಬಣ್ಣಗಳು ಸಾಲಾಗಿ ಕೂತವು.

ಮಣ್ಣನ್ನು ತೊಳೆಯುವುದೇ ಒಂದು ಸೊಗಸು. ಕುಟ್ಟಿದ ಮಣ್ಣನ್ನು ಬಕೆಟ್ ನೀರಿಗೆ ಹಾಕಿ ಕಲಕಿ, ಹತ್ತೆಣಿಸುವಷ್ಟು ಹೊತ್ತು ಸುಮ್ಮನಿರಬೇಕು. ಮರಳು, ಹರಳು ತಳಕ್ಕೆ ಇಳಿಯುತ್ತವೆ. ಹಗುರಾದ ಬಣ್ಣದ ಕಣ ನೀರಿನಲ್ಲೇ ತೇಲಾಡುತ್ತಿರುತ್ತದೆ. ಆ ಕೆಂಪು ನೀರನ್ನು ಹಳೇ ಪಂಚೆಯಲ್ಲಿ ಸೋಸಿ ಇನ್ನೊಂದು ಪಾತ್ರೆಗೆ ಬಗ್ಗಿಸಿ, ರಾತ್ರಿಯಿಡೀ ಅಲುಗಿಸದೆ ಬಿಟ್ಟರೆ ಬೆಳಗ್ಗೆ ಮೇಲೆ ತಿಳಿನೀರು, ಕೆಳಗೆ ಬೆಣ್ಣೆಯಂಥ ಕೆಸರು. ತಿಳಿಯನ್ನು ಚೆಲ್ಲಿ, ಕೆಸರನ್ನು ತಟ್ಟೆಗೆ ಹರಡಿ ಬಿಸಿಲಿಗಿಟ್ಟರೆ ಹಕ್ಕಳೆ ಏಳುತ್ತದೆ. ಮಳೆಗಾಲದಲ್ಲಿ ಸುವರ್ಣಾವತಿ ಹೊಳೆ ಕೆಂಪಾಗಿ ಬಂದು, ನೀರು ಇಳಿದ ಮೇಲೆ ದಡದಲ್ಲಿ ನುಣುಪಾದ ಮೆಕ್ಕಲು ಬಿಟ್ಟುಹೋಗುವುದೂ ಇದೇ ಲೆಕ್ಕದಲ್ಲಿ. ಹೊಳೆ ತಾನೇ ಸೋಸಿಟ್ಟ ಆ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡುವುದು ಈಗ ನನಗೆ ಅಭ್ಯಾಸವಾಗಿದೆ.

ಅಂಟಿಗೆ ದೂರ ಹೋಗಬೇಕಿಲ್ಲ. ಬೇಲಿಯ ಕರಿಜಾಲಿ ಮರದ ತೊಗಟೆ ಸೀಳಿದ ಕಡೆ ಜೇನುಬಣ್ಣದ ಗಟ್ಟಿ ಹನಿಗಳು ಕೂತಿರುತ್ತವೆ. ಬೇಲದ ಮರದ ಅಂಟೂ ಆಗುತ್ತದೆ. ನಮ್ಮ ದೇಶದ ಹಳೆಯ ಚಿತ್ರಗಾರರೂ ಅದನ್ನು ಬಳಸುತ್ತಿದ್ದರು. ಒಂದು ಪಾಲು ಅಂಟಿನ ಪುಡಿಗೆ ಎರಡು ಪಾಲು ಬಿಸಿನೀರು, ಒಂದು ರಾತ್ರಿ ನೆನೆಸು, ಬೆಳಗ್ಗೆ ಸೋಸು. ಅದಕ್ಕೆ ಒಂದು ಚಮಚೆ ಜೇನು. ನಾನು ಬಳಸುವುದು ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಇಳಿಸುವ ಹೆಜ್ಜೇನಿನ ತುಪ್ಪ. ಜೇನು ಗಾಳಿಯ ತೇವವನ್ನು ಹೀರಿಟ್ಟುಕೊಳ್ಳುವುದರಿಂದ ಒಣಗಿದ ಬಣ್ಣದ ಬಿಲ್ಲೆಗೆ ಒದ್ದೆ ಕುಂಚ ಮುಟ್ಟಿಸಿದ ಕೂಡಲೇ ಅದು ಏಳುತ್ತದೆ. ಬೂಸಲು ಹಿಡಿಯದಿರಲಿ ಎಂದು ಕೊನೆಗೆ ಒಂದು ಹನಿ ಲವಂಗದ ಎಣ್ಣೆ.

ಇನ್ನು ಅರೆಯುವ ಕೆಲಸ. ಇದಕ್ಕೆ ನಮ್ಮ ಜಿಲ್ಲೆಗಿಂತ ಒಳ್ಳೆಯ ಜಾಗ ಸಿಗಲಾರದು. ಚಾಮರಾಜನಗರದ ಕರಿಕಲ್ಲು ದೇಶವಿದೇಶಗಳಿಗೆ ಹೋಗುತ್ತದೆ. ಮಾರುವವರು ಗ್ರಾನೈಟ್ ಎನ್ನುವ ಈ ಕಲ್ಲು ಭೂವಿಜ್ಞಾನಿಗಳ ಲೆಕ್ಕದಲ್ಲಿ ಡಾಲರೈಟ್, ನೆಲದ ಬಿರುಕಿನೊಳಗೆ ಉಕ್ಕಿಬಂದು ಗಟ್ಟಿಯಾದ ಶಿಲಾರಸ. ಕುಯ್ದು ಮಿಕ್ಕ ಒಂದು ಚಪ್ಪಡಿ ತುಂಡು ನನ್ನ ಅರೆಯುವ ಕಲ್ಲು. ಪೂರಾ ಕನ್ನಡಿ ಹೊಳಪು ಹಿಡಿದ ಕಲ್ಲಾದರೆ ಪುಡಿ ಜಾರುತ್ತದೆ, ಸಾಣೆ ಅರ್ಧಕ್ಕೆ ನಿಂತ ಕಲ್ಲಿಗೆ ಹಿಡಿತವಿರುತ್ತದೆ. ಅದರ ನಡುವೆ ಪುಡಿಯನ್ನು ಗುಡ್ಡೆಮಾಡಿ, ಗುಡ್ಡೆಯ ನೆತ್ತಿಯಲ್ಲಿ ಗುಳಿ ತೆಗೆದು, ಅಂಟುನೀರು ಸುರಿದು, ಅಡಿ ಚಪ್ಪಟೆಯಾದ ದಪ್ಪ ಗಾಜಿನ ಗುಂಡಿನಿಂದ ಸುತ್ತು ಸುತ್ತಾಗಿ ಅರೆಯಬೇಕು.

ಇಲ್ಲಿ ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸ. ಮೊದಮೊದಲು ಕರಕರ ಸದ್ದು ಬರುತ್ತದೆ, ಅಂಗೈಗೆ ಒಂದೊಂದು ಹರಳೂ ತಿಳಿಯುತ್ತದೆ. ಒಂದಷ್ಟು ಹೊತ್ತಿಗೆ ಅದು ಸರಸರ ಆಗುತ್ತದೆ. ಆಮೇಲೆ ಸದ್ದೇ ಇರುವುದಿಲ್ಲ, ಗುಂಡು ಕಲ್ಲಿಗೆ ಅಂಟಿದ ಹಾಗೆ ಭಾರವಾಗುತ್ತದೆ. ಗುಂಡನ್ನು ಎತ್ತಿದರೆ ಅದರ ಅಡಿಯಲ್ಲಿ ಬೇರಿನಂತೆ ಕವಲೊಡೆದ ಗೆರೆಗಳು ಮೂಡಿರುತ್ತವೆ. ಈ ಹೊತ್ತಿಗೆ ಪುಡಿಯ ಕಣಕಣವೂ ಅಂಟಿನಲ್ಲಿ ಮಿಂದಿದೆ ಎಂದು ಲೆಕ್ಕ. ಇದನ್ನು ಅಲಗಿನಿಂದ ಬಳಿದು ಸೋಡಾ ಬಾಟಲಿಯ ಮುಚ್ಚಳಗಳಿಗೆ ತುಂಬುತ್ತೇನೆ. ಒಣಗಿದಂತೆ ಬಣ್ಣ ಕುಗ್ಗುತ್ತದೆ, ಮತ್ತೆ ಮೇಲೆ ಹುಯ್ಯಬೇಕು. ಕೆಮ್ಮಣ್ಣು ಸುಲಭಕ್ಕೆ ಪಳಗುತ್ತದೆ. ಎರೆಮಣ್ಣಿನ ಗುಣವೇ ಬೇರೆ. ನೀರು ಕುಡಿದು ಹಿಗ್ಗಿ, ಒಣಗಿದಾಗ ಬಿರಿಯುವುದು ಹೊಲದಲ್ಲಿ ಹೇಗೋ ಮುಚ್ಚಳದಲ್ಲೂ ಹಾಗೆಯೇ. ಅದಕ್ಕೆ ಜೇನು ಸ್ವಲ್ಪ ಮುಂದಾಗಿ ಬೇಕು.

ಕಪ್ಪಿಗೆ ಹರಳೆಣ್ಣೆ ದೀಪದ ಮೇಲೆ ಮಡಕೆಯ ಓಡು ಕವುಚಿ ಹಿಡಿದ ಮಸಿ. ಮಸಿ ನೀರಿಗೆ ಸೇರಲು ಒಲ್ಲದೆ ಮೇಲೆ ತೇಲುತ್ತದೆ, ನಾಲ್ಕು ಹನಿ ಸ್ಪಿರಿಟ್ ಹಾಕಿದರೆ ತಣ್ಣಗೆ ಕೂಡಿಕೊಳ್ಳುತ್ತದೆ. ನೀಲಿಯೊಂದು ನಮ್ಮ ನೆಲದಲ್ಲಿ ಇಲ್ಲ. ಅದಕ್ಕೆ ಬಟ್ಟೆಗೆ ಹಾಕುವ ನೀಲಿಪುಡಿಯೇ ಗತಿ, ಒಳ್ಳೆಯ ಗತಿಯೂ ಹೌದು. ಅಫ್ಘಾನಿಸ್ತಾನದ ಬದಖ್‌ಶಾನ್ ಗಣಿಗಳ ಲಾಪಿಸ್ ಕಲ್ಲಿನಿಂದ ಮಾತ್ರ ಸಿಗುತ್ತಿದ್ದ, ಚಿನ್ನದ ಬೆಲೆಯ ಅಲ್ಟ್ರಾಮರೀನ್ ನೀಲಿಯನ್ನು 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಕುಲುಮೆಯಲ್ಲೇ ಮಾಡುವುದನ್ನು ಕಂಡುಕೊಂಡರು. ಆಮೇಲೆ ಅದು ಅಗಸರ ಕಲ್ಲಿನವರೆಗೂ ಬಂತು.

ಹೀಗೆ ಕೂಡಿದ ಬಣ್ಣಗಳು ಕಾಗದದ ಮೇಲೆ ಒಂದನ್ನೊಂದು ಮುಟ್ಟಿದಾಗ ಆಗುವ ಚಂದವನ್ನು ಎಷ್ಟು ಹೇಳಿದರೂ ತೀರದು. ಹಳದಿ ಮಣ್ಣಿಗೆ ದೀಪದ ಮಸಿ ಬೆರೆಸಿದರೆ ಹಸಿರು ಬರುತ್ತದೆ! ಎಳೆ ಭತ್ತದ ಹಸಿರಲ್ಲ, ಬೇಸಗೆಯ ಬಂಡೀಪುರದ ಕುರುಚಲು ಕಾಡಿನ ಒಣ ಹಸಿರು. ನೀಲಿಗೆ ಕೆಮ್ಮಣ್ಣು ಸೇರಿಸಿದರೆ ಆಷಾಢದ ಮೋಡದ ಬೂದು. ಕಾಗದವನ್ನು ಮೊದಲು ಒದ್ದೆಮಾಡಿ ಈ ಬೂದನ್ನು ಬಿಟ್ಟರೆ, ನೀಲಿಯ ಕಣ ಒಂದು ಕಡೆ, ಮಣ್ಣಿನ ಕಣ ಇನ್ನೊಂದು ಕಡೆ ಸರಿದು ಕಾಗದದ ಸಣ್ಣ ಗುಳಿಗಳಲ್ಲಿ ಇಳಿದು ನಿಲ್ಲುತ್ತವೆ. ಕೈಯಲ್ಲಿ ಅರೆದ ಕಣಗಳು ಕಾರ್ಖಾನೆಯದರಷ್ಟು ಒಂದೇ ಸಮನಾಗಿರುವುದಿಲ್ಲ, ಆದ್ದರಿಂದಲೇ ಈ ತರಿತರಿ. ಮೋಡಕ್ಕೆ ಇದಕ್ಕಿಂತ ಬೇರೆ ಮೈ ಬೇಡ.

ಹೂವಿನ ಸರದಿಗೆ ಬರುತ್ತೇನೆ. ಚೆಂಡುಹೂವನ್ನು ಕುದಿಸಿ ಸೋಸಿದ ನೀರಿಗೆ ಪಟಿಕ ಕರಗಿಸಿ, ಮೇಲಿಂದ ವಾಷಿಂಗ್ ಸೋಡಾದ ನೀರನ್ನು ಚೂರು ಚೂರೇ ಹುಯ್ದರೆ ಪಾತ್ರೆ ಉಕ್ಕಿ ನೊರೆಯಾಗುತ್ತದೆ. ನೊರೆ ಇಳಿದ ಮೇಲೆ ನೋಡಿದರೆ ನೀರಿನಲ್ಲಿದ್ದ ಬಣ್ಣ ಮೊಸರಿನ ಹಾಗೆ ಒಡೆದು ತಳ ಸೇರುತ್ತಿರುತ್ತದೆ. ಪಟಿಕದ ಅಲ್ಯೂಮಿನಿಯಂ ಹೂವಿನ ಬಣ್ಣವನ್ನು ಹಿಡಿದು ಗಟ್ಟಿ ಮಾಡುವ ಬಗೆ ಇದು. ಸೋಸಿ ಒಣಗಿಸಿದರೆ ಮಣ್ಣಿನಿಂದ ಎಂದೂ ಬಾರದ ಉಜ್ವಲ ಹಳದಿ. ಅರಿಶಿನದ್ದು ಇನ್ನೂ ಚೂಟಿ. ಸುಣ್ಣ ಸೋಕಿದರೆ ಸಾಕು, ಓಕುಳಿಯ ಕೆಂಪಿಗೆ ಜಿಗಿಯುತ್ತದೆ. ಮದುವೆ ಮನೆಯ ಆರತಿ ತಟ್ಟೆಯಲ್ಲಿ ಎಲ್ಲರೂ ಕಂಡದ್ದೇ.

ಈ ಎಲ್ಲ ಬಣ್ಣಗಳನ್ನೂ ಒಂದು ಕಾಗದದಲ್ಲಿ ಪಟ್ಟಿಪಟ್ಟಿಯಾಗಿ ಎಳೆದು, ಅರ್ಧಕ್ಕೆ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿದೆ. ಅರಿಶಿನ ವಾರದೊಳಗೇ ಬಿಳಚಿಕೊಂಡಿತು. ಚೆಂಡುಹೂ ಹಟ ಹಿಡಿದು ನಿಂತು, ಬರಬರುತ್ತಾ ಕಂದಿತು. ಕೆಮ್ಮಣ್ಣು ಮಾತ್ರ ರಟ್ಟಿನ ಒಳಗೂ ಹೊರಗೂ ಒಂದೇ. ಲಾರಿಗಟ್ಟಲೆ ಹೊರಗೆ ಹೋಗುವ, ಬೆಲೆ ಕಟ್ಟಿಸಿಕೊಳ್ಳುವ ನಮ್ಮ ಎರಡು ಬಣ್ಣಗಳಿಗೂ ಬಿಸಿಲಿನ ಮುಂದೆ ಆಯಸ್ಸಿಲ್ಲ. ಯಾರೂ ಕೇಳದ, ಎತ್ತಿನ ಗೊರಸಿಗೆ ಮೆತ್ತಿಕೊಂಡು ಬರುವ ಮಣ್ಣಿಗೆ ಸಾವಿರಾರು ವರ್ಷದ ಆಯಸ್ಸು. ಆದರೂ ನಾನು ಅರಿಶಿನವನ್ನು ಬಿಟ್ಟಿಲ್ಲ. ಬಾಳುವ ಚಿತ್ರಕ್ಕೆ ಮಣ್ಣು, ದಿನಚರಿಯ ಪುಸ್ತಕ ಮುಚ್ಚಿದರೆ ಕತ್ತಲಲ್ಲಿ ಉಳಿಯುವ ಪುಟಕ್ಕೆ ಅರಿಶಿನ, ಹೂ. ಬಣ್ಣದ ಗುಣ ತಿಳಿದು ಅದಕ್ಕೆ ತಕ್ಕ ಜಾಗ ಕೊಡುವುದು ಈ ಕಸುಬು ಕಲಿಸಿದ ಮೊದಲ ಪಾಠ.

ಎರಡನೆಯ ಪಾಠ ಕಾಗದದ್ದು. ಜಲವರ್ಣದಲ್ಲಿ ಬಿಳುಪನ್ನು ಬಳಿಯುವುದಿಲ್ಲ, ಬಿಡುತ್ತಾರೆ. ಇದರ ಹಿರಿಮೆ ನನಗೆ ತಿಳಿದದ್ದು ಕೆ. ವೆಂಕಟಪ್ಪನವರ (1886–1965) ಊಟಿಯ ಚಿತ್ರಗಳಿಂದ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದ ಅವರು ಊಟಿಯ ಮಂಜು, ಮೋಡ, ಕೆರೆಯನ್ನು ಜಲವರ್ಣದಲ್ಲಿ ಬರೆದರು. ಬೆಂಗಳೂರಿನಲ್ಲಿ ಅವರ ಹೆಸರಿನ ಚಿತ್ರಶಾಲೆಯೇ ಇದೆ. ಅವರ ಚಿತ್ರಗಳ ಮಂಜು ಎಂದರೆ ತೆಳ್ಳನೆಯ ಬಣ್ಣದ ಕೆಳಗೆ ಉಸಿರಾಡುವ ಕಾಗದವೇ. ಮೈಸೂರಿನಿಂದ ಊಟಿಗೆ ಹೋಗುವ ದಾರಿ ನಮ್ಮ ಗುಂಡ್ಲುಪೇಟೆಯ ಮೇಲೆಯೇ ಹೋಗುತ್ತದೆ. ಅಂಥ ಮಂಜು ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲೂ ಇಳಿಯುತ್ತದೆ. ಈಗ ಅದನ್ನು ನೋಡುವಾಗ ನನ್ನ ಕಣ್ಣು ಎಲ್ಲಿ ಬಣ್ಣ ಬೇಡ ಎಂಬುದನ್ನು ಮೊದಲು ಹುಡುಕುತ್ತದೆ. ಊರಿನ ದಿವ್ಯಲಿಂಗೇಶ್ವರ ದೇವಾಲಯದ ಕಲ್ಲುಕಂಬಗಳನ್ನು ಬರೆಯುವಾಗಲೂ ಬೆಳಕು ಬಿದ್ದ ಕಡೆ ಕಾಗದವನ್ನು ಹಾಗೆಯೇ ಬಿಟ್ಟು, ನೆರಳಿಗೆ ಎರೆಮಣ್ಣಿನ ಬೂದು ಇಳಿಸುತ್ತೇನೆ. ನೆರಳು ಕೂತರೆ ಕಂಬ ತಾನಾಗಿ ಎದ್ದುಬರುತ್ತದೆ.

ಕಲಿಯಬೇಕಾದದ್ದು ಬೆಟ್ಟದಷ್ಟಿದೆ. ಆದರೆ ಈ ಕೆಲಸಕ್ಕೆ ಕೈ ಹಾಕಿದ ಮೇಲೆ ನಮ್ಮ ಸೀಮೆ ನನಗೆ ದೊಡ್ಡದಾಗಿದೆ. ಹಿಂದೆ ಕೆಂಪು ಹೊಲ ಎಂದರೆ ಕೆಂಪು ಹೊಲ, ಅಷ್ಟೆ. ಈಗ ಒಂದೊಂದು ಬದುವಿನ ಕೆಂಪೂ ಬೇರೆ. ಒಂದು ಕಂದಿಗೆ ವಾಲುತ್ತದೆ, ಒಂದು ಕಿತ್ತಳೆಗೆ, ಒಂದರಲ್ಲಿ ಅಭ್ರಕ ಮಿನುಗುತ್ತದೆ. ಮನೆಗೆ ಪಾಯ ತೋಡಿದ ಕಡೆ, ಬಾವಿಯ ಹೂಳು ಎತ್ತಿದ ಕಡೆ, ರಸ್ತೆಗೆ ಗುಡ್ಡ ಕಡಿದ ಕಡೆ ನಿಂತು ನೋಡುತ್ತೇನೆ, ಕೇಳಿ ಒಂದು ಹಿಡಿ ತೆಗೆದುಕೊಳ್ಳುತ್ತೇನೆ. ಚಿತ್ರ ಬರೆಯುವ ಆಸೆ ಇರುವ ಮಕ್ಕಳು ಮನೆಯಲ್ಲಿದ್ದರೆ ಬಣ್ಣದ ಡಬ್ಬಿಯ ಜೊತೆಗೆ ಒಂದು ಗುದ್ದಲಿಯನ್ನೂ ಕೊಡಿ. ಒಂದು ಸಲ ಮಣ್ಣು ತೊಳೆದು, ಅರೆದು, ತಮ್ಮ ಹೊಲವನ್ನು ಆ ಹೊಲದ ಬಣ್ಣದಲ್ಲೇ ಬರೆದ ಮಗು, ನೆಲವನ್ನು ಇನ್ನೆಂದೂ ಬರೀ ನೆಲವೆಂದು ನೋಡಲಾರದು.