ಮೌನವೂ ಸಮ್ಮತಿಯಾಗುವ ಐದು ದಿನ

ನಮ್ಮ ಶಾಲಾ ಟ್ರಸ್ಟಿನ ಜಮೀನಿನ ಕ್ರಯಪತ್ರ ಕಬ್ಬಿಣದ ಕಪಾಟಿನಲ್ಲಿದೆ, ಅದರ ಕೀಲಿಕೈ ಖಜಾಂಚಿಯವರ ವಶದಲ್ಲಿದೆ. ಆದರೆ ಪ್ರವೇಶದ ಅರ್ಜಿಗಳು, ಪಾಲಕರ ಪತ್ರಗಳು, ಗಲ್ಫಿನಲ್ಲಿರುವ ಹಳೆಯ ವಿದ್ಯಾರ್ಥಿಗಳ ವಂತಿಗೆಯ ವಿವರಗಳು ಇವೆಲ್ಲ ಹಲವು ವರ್ಷಗಳಿಂದ ಬರುತ್ತಿರುವುದು ಶಾಲೆಯ ಜಾಲತಾಣದ ಹೆಸರಿನ, ಅಂದರೆ ಡೊಮೈನ್‌ನ ಮೂಲಕ. ಅದರ ದಾಖಲೆ ಎಲ್ಲಿದೆಯೆಂದು ಕಳೆದ ಮಹಾಸಭೆಯಲ್ಲಿ ಹಿರಿಯರಾದ ಹಾಜಿಯವರು ಕೇಳಿದಾಗ ಯಾರಲ್ಲೂ ಉತ್ತರವಿರಲಿಲ್ಲ. "ಅದೂ ಅಮಾನತ್ ತಾನೇ, ಮಾಸ್ಟ್ರೇ?" ಎಂದು ಅವರು ನನ್ನತ್ತ ನೋಡಿದರು. ಅಂದೇ ಕಾರ್ಯದರ್ಶಿಯಾಗಿ ಆಯ್ಕೆಯಾದ ನನ್ನ ಪಾಲಿಗೆ ಬಂದ ಮೊದಲ ಕೆಲಸ ಅದು.

ಡೊಮೈನ್ ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ. ಒಂದು ನೋಂದಣಿ ಸಂಸ್ಥೆಗೆ ಶುಲ್ಕ ತೆತ್ತು ಇಂತಿಷ್ಟು ವರ್ಷಗಳಿಗೆಂದು ಪಡೆಯುತ್ತೇವೆ. ಸೇವೆ ಹಿಡಿಸದಿದ್ದರೆ ಬೇರೊಂದು ಸಂಸ್ಥೆಗೆ ವರ್ಗಾಯಿಸಿಕೊಳ್ಳುವ ಹಕ್ಕು ನಮಗಿದೆ. ಹಕ್ಕು ಒಳ್ಳೆಯದೇ, ಆದರೆ ಕಳ್ಳನೂ ಇದೇ ಬಾಗಿಲಿನಿಂದ ಬರುತ್ತಾನೆ.

1989ರಲ್ಲಿ ಆರಂಭವಾದ ಪ್ಯಾನಿಕ್ಸ್ ನ್ಯೂಯಾರ್ಕ್ ನಗರದ ಹಳೆಯ ಅಂತರ್ಜಾಲ ಸೇವಾ ಸಂಸ್ಥೆ. ತಂತ್ರಜ್ಞಾನವೇ ಅವರ ಕಸುಬು. 2005ರ ಜನವರಿಯ ಒಂದು ಶನಿವಾರ ಅವರ ಡೊಮೈನ್ ಅವರ ಅರಿವಿಲ್ಲದೆಯೇ ಆಸ್ಟ್ರೇಲಿಯಾದ ಒಂದು ನೋಂದಣಿ ಸಂಸ್ಥೆಗೆ ವರ್ಗವಾಯಿತು. ಗ್ರಾಹಕರಿಗೆ ಬರಬೇಕಿದ್ದ ಪತ್ರಗಳು ಕೆನಡಾದ ಯಾವುದೋ ಕಂಪ್ಯೂಟರಿನತ್ತ ಹರಿದವು. ಅರ್ಜಿದಾರ ನಿಜವಾದ ಒಡೆಯನೇ ಎಂದು ಪರಿಶೀಲಿಸಬೇಕಿದ್ದ ಹಂತದಲ್ಲೇ ಪರಿಶೀಲನೆ ನಡೆದಿರಲಿಲ್ಲ. ವಾರಾಂತ್ಯವಾದ್ದರಿಂದ ದೂರು ಕೇಳುವವರೂ ಸುಲಭವಾಗಿ ಸಿಗಲಿಲ್ಲ. ಸೋಮವಾರ ಹೆಸರು ಮರಳಿತು. ಅಷ್ಟರೊಳಗೆ ಬೇರೆಡೆ ಹೋದ ಪತ್ರಗಳ ಗತಿಯೇನು?

ಡಾಟ್ ಕಾಮ್, ಡಾಟ್ ಆರ್ಗ್ ಮುಂತಾದ ಹೆಸರುಗಳಿಗೆ ಅನ್ವಯಿಸುವ ಒಂದು ನಿಯಮ ನನ್ನನ್ನು ಬಹಳವಾಗಿ ಯೋಚನೆಗೆ ಹಚ್ಚಿತು. ವರ್ಗಾವಣೆಯ ಕೋರಿಕೆ ಬಂದಾಗ ಈಗಿನ ನೋಂದಣಿ ಸಂಸ್ಥೆ ಐದು ದಿನಗಳೊಳಗೆ ಆಕ್ಷೇಪಿಸದಿದ್ದರೆ ಅದು ಒಪ್ಪಿಗೆಯೆಂದೇ ಪರಿಗಣಿತವಾಗುತ್ತದೆ. ನಮಗೆ ಬರುವುದು ಇಮೇಲಿನಲ್ಲಿ ಒಂದು ಸೂಚನೆ. ಜಮೀನಿನ ಖಾತೆ ಬದಲಾವಣೆಯ ನೋಟಿಸಿಗೆ ಆಕ್ಷೇಪ ಹೇಳದವನ ಪಾಡೇ ಇಲ್ಲಿಯೂ. ವ್ಯತ್ಯಾಸವೆಂದರೆ, ಗ್ರಾಮಲೆಕ್ಕಿಗರ ನೋಟಿಸ್ ಊರಿನಲ್ಲಿ ನಾಲ್ಕು ಮಂದಿಯ ಕಣ್ಣಿಗೆ ಬೀಳುತ್ತದೆ, ಇದು ಯಾರೂ ತೆರೆಯದ ಅಂಚೆಪೆಟ್ಟಿಗೆಯಲ್ಲಿ ಕೊಳೆಯಬಹುದು.

ನಮ್ಮ ಡೊಮೈನ್ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನ ಹೆಸರಿನಲ್ಲಿತ್ತು. ಕಾಲೇಜಿನಲ್ಲಿದ್ದಾಗ ಸ್ವಂತ ಹಣದಿಂದ ನೋಂದಾಯಿಸಿದ್ದ ಆತ ಈಗ ಜುಬೈಲಿನಲ್ಲಿದ್ದಾನೆ. ಸೂಚನೆಗಳು ಹೋಗುತ್ತಿದ್ದುದು ಅವನು ಎಂದೋ ಬಿಟ್ಟ ಇಮೇಲಿಗೆ. ಆ ಇಮೇಲ್ ಯಾರ ಕೈಗಾದರೂ ಸಿಕ್ಕಿದ್ದರೆ ನೋಂದಣಿ ಖಾತೆಯ ಪಾಸ್‌ವರ್ಡ್ ಬದಲಿಸಿ, ಬೀಗ ತೆರೆದು, ವರ್ಗಾವಣೆಗೆ ಬೇಕಾದ ರಹಸ್ಯ ಸಂಕೇತವನ್ನು ಪಡೆಯುವುದು ಕಷ್ಟವಿರಲಿಲ್ಲ.

ಹೆಸರನ್ನು ಟ್ರಸ್ಟಿಗೆ ಬದಲಿಸೋಣವೆಂದಾಗ ಸಮಿತಿಯಲ್ಲಿ ಕೆಲವರಿಗೆ ಮುಜುಗರವಾಯಿತು. "ಹುಡುಗನ ಮೇಲೆ ನಂಬಿಕೆಯಿಲ್ಲವೆಂದಂತೆ ಆಗದೇ?" ಎಂದರು. ನನಗೆ ಹಾಗನ್ನಿಸಲಿಲ್ಲ. ಹತ್ತು ಜನರ ಸೊತ್ತನ್ನು ಒಬ್ಬನ ಹೆಗಲ ಮೇಲೆ ಲಿಖಿತವಿಲ್ಲದೆ ಹೊರಿಸುವುದೇ ಅವನಿಗೆ ನಾವು ಮಾಡುವ ಅನ್ಯಾಯ. ಫೋನಿನಲ್ಲಿ ವಿಷಯ ತಿಳಿಸಿದಾಗ ಆತ ನಕ್ಕು, "ಸರ್, ನಾನೇ ಹೇಳಬೇಕೆಂದಿದ್ದೆ" ಎಂದು ಅಂದು ರಾತ್ರಿಯೇ ಎಲ್ಲವನ್ನೂ ಒಪ್ಪಿಸಿದ.

ಬೀಗ ಹಾಕುವುದು ಸುಲಭವಾಗಿತ್ತು. ಖಾತೆಯಲ್ಲಿ ವರ್ಗಾವಣೆ ತಡೆಯುವ ಒಂದು ಗುಂಡಿಯಿದೆ. ಬಳಿಕ ಹೂಇಸ್ ಶೋಧದಲ್ಲಿ 'ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್' ಎಂದು ಕಾಣುತ್ತದೆ, ನೀವೂ ನಿಮ್ಮ ಸಂಸ್ಥೆಯ ಹೆಸರನ್ನು ಹುಡುಕಿ ನೋಡಬಹುದು. ಇಮೇಲಿನ ವಿಚಾರದಲ್ಲಿ ಮಾತ್ರ ಚರ್ಚೆ ಬೆಳೆಯಿತು. ಶಾಲೆಯ ಡೊಮೈನಿನದ್ದೇ ವಿಳಾಸ ಕೊಡೋಣವೆಂದರು ಕೆಲವರು. ಹೆಸರು ಕಳವಾದರೆ ಅದರ ಅಂಚೆಯೂ ಕಳ್ಳನ ಮನೆಗೇ ಹೋಗುತ್ತದಲ್ಲ! ಕೊನೆಗೆ ಬೇರೊಂದು ಸೇವೆಯಲ್ಲಿ ಹೊಸ ವಿಳಾಸ ತೆರೆದು, ಎರಡು ಹಂತದ ದೃಢೀಕರಣ ಅಳವಡಿಸಿ, ನಾನೂ ಖಜಾಂಚಿಯವರೂ ಅದನ್ನು ದಿನಕ್ಕೊಮ್ಮೆ ನೋಡುವುದೆಂದು ನಡಾವಳಿ ಪುಸ್ತಕದಲ್ಲಿ ಬರೆದೆವು.

ಖಜಾಂಚಿಯವರು ಮುಂದಿನ ತಿಂಗಳು ಉಮ್ರಾಕ್ಕೆ ಹೊರಟಿದ್ದಾರೆ. ಆ ಹದಿನೈದು ದಿನ ಅವರ ಬದಲಿಗೆ ಯಾರು ನೋಡಬೇಕೆಂಬುದು ಬರುವ ಶುಕ್ರವಾರದ ಸಭೆಯ ಮೊದಲ ವಿಷಯ.