ಪ್ರಶ್ನೆ, ಸೂಜಿ, ಬೀಡಿ

ಎಂಬತ್ತರ ದಶಕದಲ್ಲಿ ಬಂಟ್ವಾಳ–ಬೆಳ್ತಂಗಡಿ ಕಡೆ ಮನೆಯವನೊಬ್ಬ ತನ್ನಷ್ಟಕ್ಕೆ ಮಾತಾಡತೊಡಗಿದರೆ ಮೊದಲು ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಿದ್ದರು. ಉಪದ್ರ ದೈವದ್ದೋ ಪ್ರೇತದ್ದೋ ಎಂದು ತೀರ್ಮಾನವಾದ ಮೇಲೆ ನೂಲು, ಹರಕೆ, ಹೋಮ. ಯಾವುದಕ್ಕೂ ಬಗ್ಗದಿದ್ದರೆ ಮಂಗಳೂರಿನ ಬಸ್ಸು. ಅಷ್ಟರಲ್ಲಿ ತೋಟದ ಒಂದು ಮೂಲೆ ಅಡಮಾನಕ್ಕೆ ಬಿದ್ದಿರುತ್ತಿತ್ತು. ಹಳಬರನ್ನು ಬೈಯಲು ಹೇಳುತ್ತಿಲ್ಲ. ಊರಲ್ಲಿ ಕೇಳುವುದಕ್ಕೆ ಬೇರೆ ಯಾರಿದ್ದರು?

ನನ್ನ ಸಣ್ಣ ಮಾವನಿಗೆ ರೇಡಿಯೋ ಆಫ್ ಮಾಡಿದ ಮೇಲೂ ಪ್ರದೇಶ ಸಮಾಚಾರ ಕೇಳುತ್ತಿತ್ತು. ಅದರಲ್ಲಿ ಅವರದೇ ಹೆಸರು. ಕಿವಿಗೆ ಹತ್ತಿ ತುರುಕಿಕೊಂಡು ಹಟ್ಟಿಯ ಹಿಂದೆ ಕೂರುತ್ತಿದ್ದರು. ರಾತ್ರಿ ಹೊಳೆಗೆ ಹೋಗುತ್ತಾರೆಂದು ಅಜ್ಜ ದನದ ಹಗ್ಗವನ್ನೇ ಕಾಲಿಗೆ ಕಟ್ಟಿಸಿದ್ದರು. ಕೊನೆಗೆ ಮಂಗಳೂರಿನಲ್ಲಿ ಸೂಜಿ ಶುರುವಾಯಿತು. ಹಗ್ಗ ಬಿಚ್ಚಿದರು, ಸಮಾಚಾರವೂ ನಿಂತಿತು. ಆದರೆ ಮೈ ಮರಗಟ್ಟಿತು. ಅಜ್ಜಿಯ ಪಕ್ಕ ಬೀಡಿ ಕಟ್ಟಲು ಕೂತರೆ ಬೆರಳು ನಡುಗಿ ನೂಲು ಜಾರುತ್ತಿತ್ತು. ಜೊಲ್ಲು ಎಲೆಯ ಮೇಲೆ ಬೀಳುತ್ತಿತ್ತು. “ಇದು ಇನ್ನೊಂದು ಉಪದ್ರ ಮಾರಾಯ” ಎಂದು ಅಜ್ಜಿ ಗೊಣಗುತ್ತಿದ್ದರು.

ಅಜ್ಜಿ ಹೇಳಿದ್ದರಲ್ಲಿ ಹುರುಳಿತ್ತು. ‘ಇದನ್ನು ಗಮನಿಸು, ಇದು ನಿನಗೆ ಮುಖ್ಯ’ ಎಂದು ಮಿದುಳಿಗೆ ತಿಳಿಸುವುದರಲ್ಲಿ ಅಲ್ಲಿನದೇ ರಾಸಾಯನಿಕವಾದ ಡೋಪಮೈನ್‌ಗೆ ದೊಡ್ಡ ಪಾತ್ರವಿದೆ. ಮಾವನಿಗಿದ್ದಂಥ ಸ್ಕಿಜೋಫ್ರೇನಿಯಾ ಕಾಯಿಲೆ ಇರುವ ಬಹಳ ಮಂದಿಯಲ್ಲಿ ಸ್ಟ್ರಯೇಟಮ್ ಎಂಬ ಭಾಗದಲ್ಲಿ ಅದು ಹೆಚ್ಚು ತಯಾರಾಗುವುದು ಸ್ಕ್ಯಾನ್‌ಗಳಲ್ಲಿ ಕಂಡಿದೆ. ಆಗ ಸಂಬಂಧವಿಲ್ಲದ ಸದ್ದೂ ತನ್ನನ್ನೇ ಕುರಿತದ್ದು ಅನ್ನಿಸಬಹುದು. ಸೂಜಿಯ ಔಷಧ ಡೋಪಮೈನ್‌ನ ಡಿ2 ಗ್ರಾಹಕಗಳಿಗೆ ಅಡ್ಡ ಕೂರುತ್ತದೆ. ಕೈಕಾಲಿನ ಚಲನೆಗೂ ಅದೇ ಡೋಪಮೈನ್ ಬೇಕು. ಅಡ್ಡ ಹೆಚ್ಚಾದರೆ ಪಾರ್ಕಿನ್ಸನ್ಸ್‌ನ ಹಾಗೆ ನಡುಕ, ಬಿಗಿತ.

ಈ ಕಥೆಯಲ್ಲಿ ನಮ್ಮ ಘಟ್ಟದ ಕಾಡಿನ ಸರ್ಪಗಂಧಿಯೂ ಇದೆ. ಆ ಬೇರು ಹುಚ್ಚಿಗೆ ಆಗುತ್ತದೆಂದು 1931ರಲ್ಲೇ ಕಲ್ಕತ್ತೆಯ ವೈದ್ಯರು ಬರೆದಿದ್ದರು. ಅದರ ಸಾರವಾದ ರಿಸರ್ಪಿನ್ ಕೊಟ್ಟಾಗ ಅಲ್ಲಾಡದೆ ಬಿದ್ದ ಮೊಲಗಳನ್ನು 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಎಲ್‌-ಡೋಪಾ (ಮಿದುಳಿನಲ್ಲಿ ಡೋಪಮೈನ್ ಆಗುವ ವಸ್ತು) ಕೊಟ್ಟು ಎಬ್ಬಿಸಿದರು. ಡೋಪಮೈನ್‌ನ ಕೆಲಸ ತೋರಿಸಿಕೊಟ್ಟದ್ದಕ್ಕೆ ಅವರಿಗೆ 2000ದಲ್ಲಿ ನೊಬೆಲ್ ಬಂತು. ಮಾವ ಅಷ್ಟರೊಳಗೆ ತೀರಿಕೊಂಡಿದ್ದರು.

ಈಗ ಸಂಕೋಲೆ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ನಿಷೇಧಿಸಿದೆ. ‘ಮನೋಚೈತನ್ಯ’ದ ಹೆಸರಲ್ಲಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ಏರ್ಪಾಡಾಗಿದೆ. ಮೂಡುಬಿದಿರೆಯಲ್ಲಿ ಬಿ.ಕಾಂ. ಓದುತ್ತಿರುವಾಗ ಇದೇ ಕಾಯಿಲೆಗೆ ಬಿದ್ದ ನಮ್ಮ ಸಂಬಂಧಿಕರ ಹುಡುಗನಿಗೆ ಓಲಾಂಜಪೈನ್ ಮಾತ್ರೆ. ನಡುಕವಿಲ್ಲ, ಹೊಟ್ಟೆ ಬಂದಿದೆ, ಶುಗರ್ ಏರಿದೆ. ಧ್ವನಿಗಳು ಅಡಗಿದರೂ ಉಮೇದು ಮರಳಿಲ್ಲ. ಅದಕ್ಕೆ ಈ ಮಾತ್ರೆಗಳಿಂದ ಆಗುವುದು ಅಷ್ಟಕ್ಕಷ್ಟೆ. ಪ್ರಶ್ನೆಯನ್ನೂ ಇಡಿಸಿದ್ದಾರೆ, ಮಾತ್ರೆ ಬಿಟ್ಟಿಲ್ಲ. ನನ್ನ ತಕರಾರಿಲ್ಲ.

ಡಾಕ್ಟರು ಎಷ್ಟು ಬೀಡಿ ಎಂದು ಕೇಳಿದರೆ ತಾಯಿ “ಸೇದುವುದೇ ಇಲ್ಲ” ಅನ್ನುತ್ತಾಳೆ. ಹೊಗೆಯಿಂದ ಪಿತ್ತಜನಕಾಂಗ ಚುರುಕಾಗಿ ಓಲಾಂಜಪೈನನ್ನು ಬೇಗ ಕರಗಿಸಿಬಿಡುತ್ತದೆ. ಡೋಸ್ ಗೊತ್ತುಮಾಡಲು ಆ ಲೆಕ್ಕ ಬೇಕು. ಕಳೆದ ಸಲ ಹುಡುಗನೇ ಬಾಯಿಬಿಟ್ಟ: ದಿನಕ್ಕೆ ಒಂದು ಕಟ್ಟು, ಅಮ್ಮ ಕಟ್ಟಿದ್ದರಿಂದಲೇ.